ಮುದ್ದೇಬಿಹಾಳದಲ್ಲಿ ಕೈ ಕೂಡಿದ್ದು

ಹೋದ ತಿಂಗಳು ತಮ್ಮನ ಮಗಳ ಸಂಬಂಧದ ಮಾತಿಗೆಂದು ಮುದ್ದೇಬಿಹಾಳಕ್ಕೆ ಹೋಗಿದ್ದೆ. ಹುಡುಗನ ಮನೆಯ ಪಡಸಾಲೆಯಲ್ಲಿ ಎರಡೂ ಕಡೆಯ ಹಿರಿಯರು ಕೂತು, ಅವಲಕ್ಕಿ ತಿನ್ನುತ್ತ, ಒಬ್ಬರನ್ನೊಬ್ಬರು ಅಳೆಯುತ್ತಿದ್ದರು. ಹುಡುಗ ನೀರಿನ ತಂಬಿಗೆ ತಂದಿಟ್ಟು ಒಳಗೆ ಹೋದ ಮೇಲೆ ನಮ್ಮ ಕಡೆಯವರೊಬ್ಬರು ನನ್ನ ಕಿವಿಯ ಹತ್ತಿರ ಬಾಗಿ, ಕಾಲು ಸ್ವಲ್ಪ ಎಳೆಯುತ್ತಾನೇನೋ ನೋಡು ಎಂದರು. ಅಷ್ಟರಲ್ಲಿ ಹಿತ್ತಲಿನಿಂದ ಅರಿಶಿನ, ಕುಸುಬಿ ಎಣ್ಣೆ ಕೂಡಿಸಿ ಕಾಯಿಸಿದ ವಾಸನೆ ಬಂತು. ಆ ಮನೆಯ ಮುದುಕಿಯ ಮೊಣಕಾಲಿಗೆ ಹಚ್ಚುತ್ತಿದ್ದರಂತೆ. ನಾನು ಅವಲಕ್ಕಿಯ ತಾಟನ್ನು ಕೆಳಗಿಟ್ಟೆ.

ಕುಸ್ತಿ ಕಣದ ಮಣ್ಣಿಗೂ ಅದೇ ವಾಸನೆ. ಕೆಮ್ಮಣ್ಣಿಗೆ ಅರಿಶಿನ, ಎಣ್ಣೆ, ಮಜ್ಜಿಗೆ ಹಾಕಿ, ನಮ್ಮ ಇಂಡಿಯ ಲಿಂಬೆಹಣ್ಣು ಹಿಂಡಿ, ಹದ ಮಾಡಿ ಹರಡುತ್ತಿದ್ದರು. ನಾನು ನನ್ನ ಕಡೆಯ ಕುಸ್ತಿ ಹಿಡಿದದ್ದು ಇದೇ ಮುದ್ದೇಬಿಹಾಳದಲ್ಲಿ, ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಸುಗ್ಗಿಯಲ್ಲಿ. ಆ ವರ್ಷವನ್ನು ನೆನೆಸಿಕೊಂಡರೆ ಈಗಲೂ ಮೈಯೆಲ್ಲ ದಣಿದಂತಾಗುತ್ತದೆ. ನೆನೆಸಿಕೊಳ್ಳದೇ ಇರಲಿಕ್ಕೂ ಆಗುವುದಿಲ್ಲ.

ಪೈಲ್ವಾನ ಎಂದರೆ ತೊಡೆ ತಟ್ಟಿ, ಯಾರು ಬೇಕಾದರೂ ಬರಲಿ ಎಂದು ಕೂಗುವವನು ಎಂದು ಜನ ತಿಳಿದಿರುತ್ತಾರೆ. ನಾನು ಒಂದು ದಿನವೂ ಹಾಗೆ ಕೂಗಿದವನಲ್ಲ. ಕೂಗಲು ಬಿಡುವವರೂ ಇರಲಿಲ್ಲ. ನಾನು ಯಾರ ಜೊತೆ ಹಿಡಿಯಬೇಕು, ಯಾರ ಜೊತೆ ಹಿಡಿಯಬಾರದು ಎಂಬುದು ನಾನು ಕಣಕ್ಕೆ ಬರುವ ಎಷ್ಟೋ ದಿನ ಮೊದಲೇ ತೀರ್ಮಾನವಾಗಿರುತ್ತಿತ್ತು. ತೀರ್ಮಾನ ಮಾಡುವವರು ಇಬ್ಬರು. ಒಬ್ಬರು ರುದ್ರಪ್ಪ ಕಾಕಾ, ನನ್ನ ಉಸ್ತಾದರು. ಮೀಸೆ ಮೂಡುವ ಮೊದಲೇ ಅವರ ಗರಡಿಮನೆಗೆ ಸೇರಿದವನು ನಾನು. ಇನ್ನೊಬ್ಬರು ನನ್ನ ಸೋದರಮಾವ ಗುರಪ್ಪ. ಎಲ್ಲಿ ಕುಸ್ತಿ ಇಟ್ಟಿದ್ದಾರೆಂದು ತಿಳಿದರೂ ಗುರಪ್ಪ ಮಾವ ಮೊದಲೇ ಹೋಗಿ ಆ ಊರಿನ ಕುಸ್ತಿ ಪಂಚರ ಜೊತೆ ಚಹಾ ಕುಡಿದು ಬರುತ್ತಿದ್ದ. ಹೀಗೆ ಯಾರಿಗೆ ಯಾರೆಂದು ಗೊತ್ತು ಮಾಡುವುದಕ್ಕೆ ನಮ್ಮಲ್ಲಿ ಜೋಡಿ ಹಚ್ಚುವುದು ಎನ್ನುತ್ತಾರೆ.

ಸಣ್ಣ ಹುಡುಗರ ಜೋಡಿ ಕಣದಲ್ಲೇ ಹಚ್ಚುತ್ತಾರೆ. ಇಬ್ಬರನ್ನು ಭುಜಕ್ಕೆ ಭುಜ ತಾಗಿಸಿ ನಿಲ್ಲಿಸಿ, ಎತ್ತರ ನೋಡಿ, ಕುತ್ತಿಗೆ ಹಿಸುಕಿ, ಹ್ಞೂಂ ಎಂದರೆ ಮುಗಿಯಿತು. ನನ್ನಂಥ ಭಾರಿ ಮೈಯವರ ಮಾತು ಬೇರೆ. ನಮ್ಮದು ಮೊದಲ ನಂಬರಿನ ಕುಸ್ತಿ, ಎಲ್ಲರದೂ ಮುಗಿದ ಮೇಲೆ ಹೊತ್ತು ಇಳಿಯುವಾಗ ನಡೆಯುವಂಥದ್ದು. ಅದರಲ್ಲಿ ಸೋತವನ ಹೆಸರು ಊರಿಂದೂರಿಗೆ ಬಸ್ಸಿಗಿಂತ ಮೊದಲು ಹೋಗುತ್ತದೆ. ಅದಕ್ಕೇ ಕಾಕಾ ಎಲ್ಲವನ್ನೂ ಅಳೆದು ತೂಗಿ ನೋಡುತ್ತಿದ್ದರು. ಎಳೆಯ ಹುಡುಗ ಬೇಡ, ಅವನನ್ನು ಗೆದ್ದರೆ ಹೆಸರಿಲ್ಲ, ಸೋತರೆ ಇದ್ದ ಹೆಸರೂ ಇಲ್ಲ. ಕುಸ್ತಿ ಇಟ್ಟ ಊರಿನವನೇ ಆದವನು ಬೇಡ, ಪಂಚರು ಅವನ ಮಾವಂದಿರೇ ಆಗಿರುತ್ತಾರೆ. ಎಡಚ ಬೇಡ. ಹೆಸರು ದೊಡ್ಡದಿದ್ದು ಉಸಿರು ಸಣ್ಣದಾದವನು ಸಿಕ್ಕರೆ ಬಹಳ ಒಳ್ಳೆಯದು. ಇದನ್ನೆಲ್ಲ ತಿಳಿಯಲು ಗುರಪ್ಪ ಮಾವ ಎದುರಾಳಿಯ ಊರಿನ ಖಾನಾವಳಿಯಲ್ಲಿ ಅವನ ಪಕ್ಕದಲ್ಲೇ ಊಟಕ್ಕೆ ಕೂತು ಬರುತ್ತಿದ್ದ. ರೊಟ್ಟಿ ಕಡಿಮೆ ತಿನ್ನುವ ಪೈಲ್ವಾನನಿಗೆ ಒಳಗೆ ಎಲ್ಲೋ ನೋವಿದೆ ಎಂಬುದು ಅವನ ಸಿದ್ಧಾಂತ. ತಾನು ಮಾತ್ರ ಎಲ್ಲ ಊರಿನಲ್ಲೂ ಹೊಟ್ಟೆ ಬಿರಿಯ ತಿಂದೇ ಬರುತ್ತಿದ್ದ.

ಬೇಡವಾದವರನ್ನು ಬೇಡ ಎನ್ನುವ ಹಾಗಿರಲಿಲ್ಲ, ಹೆದರಿದ ಎಂದಾರು. ಆದ್ದರಿಂದ ನಮ್ಮವರು ನನಗೆ ಹರಕೆ ಇದೆ ಎನ್ನುತ್ತಿದ್ದರು, ಮೈ ಬೆಚ್ಚಗಿದೆ ಎನ್ನುತ್ತಿದ್ದರು, ಅದೇ ದಿನ ಬೇರೆ ಊರಿಗೆ ಮಾತು ಕೊಟ್ಟಾಗಿದೆ ಎನ್ನುತ್ತಿದ್ದರು. ಏನೂ ತೋಚದಿದ್ದರೆ ಜೋಡಿ ಕೂಡುವುದಿಲ್ಲ ಎಂದು ಎದ್ದು ಬರುತ್ತಿದ್ದರು. ಹೀಗೆ ಕಾಪಾಡಿಕೊಂಡು ಬಂದ ಹೆಸರು ನನ್ನದು, ಸಂಗಪ್ಪ ಪೈಲ್ವಾನನದು. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಸೀಮೆಯಲ್ಲಿ ನನ್ನ ಬೆನ್ನು ಮಣ್ಣು ಕಂಡದ್ದನ್ನು ನೋಡಿದವರಿರಲಿಲ್ಲ.

ಒಬ್ಬನ ಹೆಸರು ಮಾತ್ರ ಎಲ್ಲ ಊರಿನ ಪಂಚರ ಬಾಯಲ್ಲೂ ಬರುತ್ತಿತ್ತು. ಚಡಚಣದ ಮಹಾದೇವ. ಅವನೂ ನನ್ನ ವಯಸ್ಸಿನವನು, ನನ್ನಷ್ಟೇ ಭಾರ. ಗಡಿಯಾಚೆಯ ತಾಲೀಮಿನಲ್ಲಿ ಕಲಿತು ಬಂದವನು, ಅವನ ಬೆನ್ನಿಗೂ ಮಣ್ಣು ಹತ್ತಿರಲಿಲ್ಲ. ಸಂಗಪ್ಪ ದೊಡ್ಡವನೋ ಮಹಾದೇವ ದೊಡ್ಡವನೋ ಎಂದು ಚಹಾದಂಗಡಿಗಳಲ್ಲಿ ಜನ ಜಗಳವಾಡುತ್ತಿದ್ದರು. ನಾವಿಬ್ಬರೂ ಒಂದೇ ಕಣದಲ್ಲಿ ಎಷ್ಟೋ ಸಲ ಬೇರೆಬೇರೆಯವರ ಜೊತೆ ಹಿಡಿದಿದ್ದೆವು. ಒಬ್ಬರಿಗೊಬ್ಬರು ಜೋಡಿಯಾಗಲಿಲ್ಲ. ಪ್ರತಿ ಸಲವೂ ಒಂದಲ್ಲ ಒಂದು ಕಾರಣ ಬರುತ್ತಿತ್ತು.

ಆ ವರ್ಷ ಜೋಳ ಚೆನ್ನಾಗಿ ಬಂದಿತ್ತು. ತೆನೆ ಹಾಲುಗಟ್ಟಿದ ಹೊತ್ತಿಗೆ ಎಲ್ಲ ಹೊಲದಲ್ಲೂ ಎಳೆ ತೆನೆ ಸುಟ್ಟು ಸೀತನಿ ಮಾಡುವ ಹೊಗೆ. ಬೆಳಗಿನ ಚಳಿಗೆ ಕರಿ ಮಣ್ಣು ಕಾಲಿಗೆ ಕಲ್ಲಿನ ಹಾಗೆ ತಾಗುತ್ತಿತ್ತು. ಗರಡಿಮನೆಯಲ್ಲಿ ಬೈಠಕ್ ತೆಗೆಯುವಾಗ ನನ್ನ ಎಡ ಮೊಣಕಾಲು ಒಳಗಿಂದ ಕಟ್ ಎಂದು ಸದ್ದು ಮಾಡತೊಡಗಿತ್ತು. ಮೊದಮೊದಲು ನನಗೊಬ್ಬನಿಗೇ ಕೇಳುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ಪಕ್ಕದವನೂ ತಿರುಗಿ ನೋಡುವಂತಾಯಿತು. ಮೂವತ್ತು ದಾಟಿ ಬಹಳವಾಗಿತ್ತು. ಹಾಲು, ಬಾದಾಮಿ, ತುಪ್ಪ ಎಷ್ಟು ಸುರಿದರೂ ದೇಹ ಸಾಕಪ್ಪಾ ಎನ್ನುತ್ತಿತ್ತು. ಇದೇ ಕಡೆಯ ವರ್ಷ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಇಂಡಿಯಲ್ಲಿ ಒಬ್ಬನನ್ನು ಬೇಗ ಚಿತ್ ಮಾಡಿದೆ. ಸಿಂದಗಿಯಲ್ಲಿ ಕಾಕಾ ನನಗೆ ಹಚ್ಚಿದ್ದು ಒಂದು ಕಾಲದಲ್ಲಿ ಬಹಳ ದೊಡ್ಡ ಹೆಸರಿದ್ದ ಪೈಲ್ವಾನನನ್ನು. ಮನುಷ್ಯನಿಗೆ ಸಕ್ಕರೆ ಕಾಯಿಲೆ ಹತ್ತಿ ತೊಡೆ ಸೊರಗಿದ್ದವು. ನಾನು ಅವನ ಸೊಂಟಕ್ಕೆ ಕೈ ಹಾಕಿದಾಗ, ಮೆಲ್ಲಗೆ ಹಾಕಪ್ಪಾ ಎಂದ. ಮೆಲ್ಲಗೇ ಹಾಕಿದೆ. ಚರ್ಮದ ಹಲಗೆ ಬಡಿದರು, ಬೆಳ್ಳಿಯ ಕಡಗ ತೊಡಿಸಿದರು. ನನಗೆ ಅಂದು ಬಹಳ ನಾಚಿಕೆಯಾಯಿತು. ಜನರ ನಡುವಿನಿಂದ ಯಾರೋ, ಮುದುಕರನ್ನು ಕೆಡವೋದು ಮುಗೀತೇನ ಸಂಗಪ್ಪ, ಇನ್ನ ಮಾದೇವನ ಹಂತೇಕ ಹೋಗು ಎಂದು ಕೂಗಿದರು. ಅದಕ್ಕೆ ನಕ್ಕ ಜನರ ನಗು ಊರು ಮುಟ್ಟುವವರೆಗೂ ಕಿವಿಯಲ್ಲಿತ್ತು.

ಮಾರನೆಯ ದಿನ ಗರಡಿಮನೆಯಲ್ಲಿ ಕಾಕಾ ಮಣ್ಣು ಸಡಿಲಿಸುತ್ತಿದ್ದರು. ನಾನು ಅವರ ಎದುರು ಕೂತು ಹೇಳಿಯೇಬಿಟ್ಟೆ.

"ಕಾಕಾ, ಈ ವರ್ಷ ಮಾದೇವನ ಜೋಡಿ ಹಚ್ಚಿಬಿಡ್ರಿ. ಸೋತರ ಸೋಲ್ತೇನಿ. ನಾ ಎಂಥಾಂವ ಅಂತ ನನಗ ಗೊತ್ತಾಗಬೇಕು."

ಕಾಕಾ ಗುದ್ದಲಿ ನಿಲ್ಲಿಸಲಿಲ್ಲ. "ಗೊತ್ತಾಗಿ ಏನ್ ಮಾಡ್ತಿ?" ಎಂದರು.

ನಾನು ಎದ್ದು ಇನ್ನೊಂದು ಗುದ್ದಲಿ ತೆಗೆದುಕೊಂಡು ಅವರ ಪಕ್ಕ ಅಗೆಯತೊಡಗಿದೆ. ಅಷ್ಟು ವರ್ಷ ಮಣ್ಣು ಹೊತ್ತು, ಕಡೆಗೆ ಆರಿಸಿ ಕೊಟ್ಟವರನ್ನಷ್ಟೇ ಗೆದ್ದೆ ಎಂದುಕೊಂಡು ಮನೆಗೆ ಹೋಗುವುದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ. ಗೆದ್ದ ಕಡಗಗಳೆಲ್ಲ ಯಾರದೋ ಹಾಗೆ ಕಾಣತೊಡಗಿದ್ದವು.

ಮೊಣಕಾಲನ್ನು ಮುಚ್ಚಿಟ್ಟುಕೊಳ್ಳುವುದು ಇನ್ನೊಂದು ಕೆಲಸ. ಇಂಡಿಯಲ್ಲಿ ಡಾಕ್ಟರರ ಹತ್ತಿರ ಹೋದರೆ ಸಂಜೆಯೊಳಗೆ ಸಂತೆಗೆಲ್ಲ ಗೊತ್ತಾಗುತ್ತದೆ. ಗೊಳಸಂಗಿಯಲ್ಲಿ ಬಾಳಪ್ಪಜ್ಜ ಎಂಬವರು ಎಲುಬು ಕೂಡಿಸುತ್ತಾರೆ, ಉಳುಕು ತೆಗೆಯುತ್ತಾರೆ ಎಂದು ಯಾರೋ ಹೇಳಿದ್ದರು. ಕಾಕಾನಿಗೂ ಹೇಳದೆ, ತಲೆಗೆ ಟವೆಲ್ ಸುತ್ತಿಕೊಂಡು ಬಸ್ಸು ಹತ್ತಿದೆ. ಕೊಲ್ಹಾರದ ಹತ್ತಿರ ಬಸ್ಸು ನಿಂತಾಗ ಒಂದು ಕುಡಿಕೆ ಮೊಸರು ತಿಂದೆ. ಆಗ ಹಳೇ ಕೊಲ್ಹಾರದವರು ಮನೆಯ ಬಾಗಿಲು, ಚೌಕಟ್ಟು ಕಿತ್ತು ಟ್ರ್ಯಾಕ್ಟರಿಗೆ ಹೇರಿಕೊಂಡು ಹೊಸ ಊರಿಗೆ ಹೋಗುತ್ತಿದ್ದ ಕಾಲ, ಅಣೆಕಟ್ಟಿನ ಹಿನ್ನೀರು ಮೇಲೇರುತ್ತಿತ್ತು. ಎಲ್ಲರೂ ಒಂದಿಲ್ಲೊಂದು ಹೊರೆ ಹೊತ್ತಿದ್ದರು. ನನ್ನ ಕಾಲು ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ.

ಬಾಳಪ್ಪಜ್ಜನ ಕಟ್ಟೆಯ ಮೇಲೆ ಆಗಲೇ ಒಬ್ಬ ಕೂತಿದ್ದ. ಅವನೂ ತಲೆಗೆ ಟವೆಲ್ ಸುತ್ತಿಕೊಂಡಿದ್ದ. ಆದರೆ ಅಷ್ಟು ದಪ್ಪ ಕುತ್ತಿಗೆಯನ್ನು ಯಾವ ಟವೆಲ್ ಮುಚ್ಚುತ್ತದೆ? ಅಜ್ಜ ಅವನ ಬಲ ಭುಜಕ್ಕೆ ಬಿಸಿ ಎಣ್ಣೆ ಹಾಕಿ ತಿಕ್ಕುತ್ತಿದ್ದರು, ಅವನು ಹಲ್ಲು ಕಚ್ಚಿಕೊಂಡಿದ್ದ. ಮುಖ ಎತ್ತಿದ. ಮಹಾದೇವ.

ಇಬ್ಬರಿಗೂ ಓಡಿ ಹೋಗಬೇಕೆನ್ನಿಸಿರಬೇಕು. ನನ್ನ ಕಾಲಿಗೆ ಓಡಲು ಬರುತ್ತಿರಲಿಲ್ಲ, ಅವನ ಭುಜ ಅಜ್ಜನ ಕೈಯಲ್ಲಿತ್ತು. ಕಡೆಗೆ ಅವನೇ ನಕ್ಕುಬಿಟ್ಟ. ನೋವು ಎಲ್ಲಿ ಎಂದು ಕೇಳಿದ. ನಾನು ಧೋತರ ಮೇಲೆತ್ತಿ ಮೊಣಕಾಲು ತೋರಿಸಿದೆ. ಅವನ ಬಲಗೈ ಎದೆಯಿಂದ ಮೇಲೆ ಹೋಗುತ್ತಿರಲಿಲ್ಲ. ತಲೆ ಬಾಚುವುದು ಎಡಗೈಯಲ್ಲೇ ಅಂತೆ. ಆ ಮಧ್ಯಾಹ್ನ ಅಜ್ಜನ ಮನೆಯವರು ಕೊಟ್ಟ ರೊಟ್ಟಿ, ಪುಂಡಿ ಪಲ್ಯ ತಿಂದು ಕಟ್ಟೆಯ ಮೇಲೆ ಒಬ್ಬರ ಪಕ್ಕ ಒಬ್ಬರು ಕಾಲು ಚಾಚಿ ಕೂತೆವು. ಅಷ್ಟು ವರ್ಷ ಹೆಸರಷ್ಟೇ ಕೇಳಿದ್ದವನ ಜೊತೆ ಕೂತಾಗ ನನಗೆ ಸಿಟ್ಟೂ ಬರಲಿಲ್ಲ, ಪೈಪೋಟಿಯೂ ಅನ್ನಿಸಲಿಲ್ಲ. ನನ್ನ ನೋವನ್ನು ಹೇಳದೆಯೇ ತಿಳಿದುಕೊಳ್ಳುವ ಮನುಷ್ಯ ಜಗತ್ತಿನಲ್ಲಿ ಒಬ್ಬನಾದರೂ ಇದ್ದಾನೆ ಅನ್ನಿಸಿತು.

ಹೊರಡುವಾಗ ಅವನೊಂದು ಮಾತು ಹೇಳಿದ. ನನಗೆ ಗೊತ್ತಿರಬಹುದೆಂದು ತಿಳಿದೇ ಹೇಳಿದ.

"ನಮ್ಮನ್ನ ಯಾರೂ ಕೂಡಸಾಂಗಿಲ್ಲ ಬಿಡು, ಸಂಗಣ್ಣ. ನಿಮ್ಮ ಮಾಮಾ ನಮ್ಮ ಮನಿಗೆ ಬಂದು ಮಾತಾಡಿ ಹೋಗ್ಯಾನ. ಇಬ್ಬರೂ ಬೀಳಬಾರದು ಅಂತ ನಮ್ಮ ಹಿರ್ಯಾರೂ ಒಪ್ಯಾರ."

ಅಂದರೆ ಎಲ್ಲ ಕಾರಣಗಳೂ ಎರಡೂ ಕಡೆ ಕೂಡಿಯೇ ಹೊಲಿದ ಕಾರಣಗಳು. ಇಬ್ಬರ ಬೆನ್ನೂ ಸ್ವಚ್ಛವಿದ್ದರೆ ಇಬ್ಬರಿಗೂ ಕರೆ ಬರುತ್ತದೆ, ಜನ ಜಗಳವಾಡುತ್ತಲೇ ಇರುತ್ತಾರೆ, ಕಣ ತುಂಬುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು. ಮನೆಗೆ ಬಂದು ಗುರಪ್ಪ ಮಾವನನ್ನು ಕೇಳಿದೆ. ಅವನು ಇಲ್ಲ ಎನ್ನಲಿಲ್ಲ. ನಿನ್ನ ಒಳ್ಳೇದಕ್ಕೇ ಎಂದ. ಕಾಕಾ ಅಲ್ಲಿಯೇ ಇದ್ದರು, ಅಡಿಕೆ ಕತ್ತರಿಸುತ್ತ ನೆಲ ನೋಡಿದರು. ಆ ದಿನ ನನಗೆ ಅವರ ಮೇಲೆ ಎಂದೂ ಬರದಷ್ಟು ಬೇಸರ ಬಂತು. ಸಿಟ್ಟು ಮಾಡಲಿಕ್ಕೂ ತ್ರಾಣವಿರಲಿಲ್ಲ, ಉಣ್ಣದೆ ಮಲಗಿಬಿಟ್ಟೆ.

ಮುದ್ದೇಬಿಹಾಳದ ಕುಸ್ತಿ ಆ ಸುಗ್ಗಿಯ ಕಡೆಯದು. ಬಿಸಿಲು ಚುರುಗುಟ್ಟಲು ಶುರುವಾಗಿತ್ತು, ಜೋಳ ರಾಶಿಯ ಕಣಕ್ಕೆ ಬಂದಿತ್ತು, ಊರೂರಿನವರೆಲ್ಲ ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಬಂದಿದ್ದರು. ನನಗೂ ಮಹಾದೇವನಿಗೂ ಬೇರೆಬೇರೆ ಜೋಡಿ ಹಚ್ಚಿ ಆಗಿತ್ತು. ಕುಸ್ತಿ ಶುರುವಾಗುವ ಮೊದಲು ಹೆಸರುವಾಸಿ ಪೈಲ್ವಾನರನ್ನು ಕಣದೊಳಗೆ ಕರೆದು, ತಲೆಗೆ ಪಟಗಾ ಸುತ್ತಿ, ತೆಂಗಿನಕಾಯಿ ಕೊಡುವುದು ಆ ಊರಿನ ಪದ್ಧತಿ. ನನ್ನನ್ನು ಕರೆದರು. ಪಟಗಾ ಸುತ್ತುವಾಗಲೇ ಮಹಾದೇವನನ್ನೂ ಕರೆದರು.

ಅವನು ಕಾಯಿ ತೆಗೆದುಕೊಂಡು ನೇರ ನನ್ನ ಕಡೆ ಬಂದ. ಮುಖದಲ್ಲಿ ಗೊಳಸಂಗಿಯ ಕಟ್ಟೆಯ ಮೇಲಿನ ಅದೇ ನಗು. ಮೊಣಕಾಲ ಹೆಂಗೈತಿ ಎಂದು ಮೆಲ್ಲಗೆ ಕೇಳುತ್ತ ಬಲಗೈ ಚಾಚಿದ. ಆ ಕೈಯನ್ನು ಅಷ್ಟು ಎತ್ತಲು ಅವನಿಗೆ ಎಷ್ಟು ನೋವಾಗುತ್ತದೆಂಬುದು ಅಲ್ಲಿ ನೆರೆದ ಜನರಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಅದು ಗಾಳಿಯಲ್ಲಿ ನಿಲ್ಲಬಾರದೆಂದು ನಾನು ಅವಸರದಿಂದ ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಹಲಗೆ ಸಿಡಿಲಿನ ಹಾಗೆ ಮೊಳಗಿತು.

ಬೇರೆ ಯಾವ ಊರಿನ, ಯಾವ ಕಸುಬಿನ ಗಂಡಸರು ಹೀಗೆ ಕೈ ಹಿಡಿದುಕೊಂಡರೂ ಅದು ತಪ್ಪಾಗುತ್ತಿರಲಿಲ್ಲ. ನಮ್ಮಲ್ಲಿ ಕಣದ ಮಣ್ಣಿನ ಮೇಲೆ ಇಬ್ಬರು ಪೈಲ್ವಾನರು ಕೈ ಕೂಡಿಸಿದರೆ ಜೋಡಿ ಕೂಡಿದ ಹಾಗೆಯೇ. ಹಿರಿಯರು ಏನು ಮಾತಾಡಿಕೊಂಡಿದ್ದರೂ ಅದರ ಮುಂದೆ ನಡೆಯುವುದಿಲ್ಲ. ಹುಡುಗನಾಗಿದ್ದಾಗಿನಿಂದ ಕಂಡ ಪದ್ಧತಿ ಅದು. ಇಬ್ಬರಿಗೂ ಆ ಕ್ಷಣಕ್ಕೆ ಮರೆತು ಹೋಗಿತ್ತು. ಜನ ಎದ್ದು ನಿಂತು ಶಿಳ್ಳೆ ಹೊಡೆದರು, ಪಟಗಾಗಳನ್ನು ಮೇಲೆ ತೂರಿದರು. ಗುರಪ್ಪ ಮಾವ ಚಪ್ಪಲಿ ಬಿಟ್ಟು ಕಣದೊಳಗೆ ಓಡಿ ಬಂದು, ಅವರು ನಮಸ್ಕಾರ ಮಾಡಿದ್ದು ಅಷ್ಟೇ ಎಂದ, ಪಂಚರ ಕಾಲು ಹಿಡಿಯುವುದೊಂದು ಬಾಕಿ ಇತ್ತು. ಮಹಾದೇವನ ಕಡೆಯವರೂ ಅದನ್ನೇ ಹೇಳಿದರು. ಪಂಚರಲ್ಲಿ ಹಿರಿಯರೊಬ್ಬರು ಕೈ ಅಡ್ಡ ಹಿಡಿದರು.

"ಕಣದಾಗ ಕೈ ಕೂಡಿದ ಮ್ಯಾಲ ಮಾತಿಲ್ರಿ. ಹೊರಗ ನಡೀರಿ."

ನಾನು ಕಾಕಾನ ಕಡೆ ನೋಡಿದೆ. ಅವರು ಕಣದ ಅಂಚಿನಲ್ಲಿ ನಿಂತಿದ್ದರು. ನಮ್ಮ ಸರದಿ ಬಂದಾಗ ಹತ್ತಿರ ಬಂದು ನನ್ನ ಅಂಗಿ ತೆಗೆದುಕೊಂಡರು, ಬೆನ್ನಿಗೆ ಮಣ್ಣು ಸವರಿದರು, ಹೋಗು ಎಂದರು.

ಹೊತ್ತು ಇಳಿಯುವಾಗ ನಾವಿಬ್ಬರೂ ಕುತ್ತಿಗೆಗೆ ಕೈ ಹಾಕಿ ನಿಂತೆವು. ಅವನ ಕುತ್ತಿಗೆ ಬೇವಿನ ಬೊಡ್ಡೆಯ ಹಾಗಿತ್ತು. ಎಂಥ ಗಟ್ಟಿ ಮನುಷ್ಯ ಎಂದು ತಿಳಿಯಲು ಒಂದು ಗಳಿಗೆ ಸಾಕಾಯಿತು. ನನಗೆ ಬೇಕಾಗಿದ್ದವನು ಇವನೇ. ಆದರೆ ನನ್ನ ಕೈ ಅವನ ಬಲ ಭುಜದ ಹತ್ತಿರ ಹೋದಾಗಲೆಲ್ಲ ತಾನಾಗಿಯೇ ಹಿಂದೆ ಬಂತು. ಅವನ ಕೈ ನನ್ನ ಎಡಗಾಲಿನತ್ತ ಇಳಿದು ಅಲ್ಲಿಂದ ತಿರುಗಿತು. ಒಬ್ಬರನ್ನೊಬ್ಬರು ದೂಡುತ್ತ, ಎಳೆಯುತ್ತ, ಕಣ ಸುತ್ತಿದೆವು. ಮಣ್ಣಿನ ಅರಿಶಿನದ ವಾಸನೆ ಮೂಗಿಗೆ ಅಡರಿತ್ತು. ಜನ ಮೊದಲು ಕೂಗಿದರು, ಆಮೇಲೆ ಸುಮ್ಮನಾದರು, ಆಮೇಲೆ ಗೊಣಗಿದರು. ಕಡೆಗೆ ಒಂದು ಮೂಲೆಯಿಂದ ಫಿಕ್ಸ್ ಐತಿ ಎಂಬ ಕೂಗು ಎದ್ದಿತು. ಅದು ಕಣದ ಸುತ್ತ ಹಬ್ಬಿತು. ಜಗಿದ ಕಬ್ಬಿನ ಸಿಪ್ಪೆ ನಮ್ಮ ಮೇಲೆ ಬೀಳತೊಡಗಿತು.

ಮಹಾದೇವ ನನ್ನ ಕಿವಿಯ ಹತ್ತಿರ ಉಸಿರು ಬಿಡುತ್ತ ಅಂದ.

"ಸಂಗಣ್ಣ, ನಾ ನಿನ್ನ ಎಡಗಾಲಿಗೆ ಬರಾಕತ್ತೇನಿ. ನೀನೂ ನನ್ನ ಭುಜಕ್ಕ ಬಾ. ಒಬ್ಬರನ್ನೊಬ್ಬರು ಸಣ್ಣವರ ಮಾಡೂದು ಬ್ಯಾಡ."

ನಾನು ಹ್ಞೂಂ ಎಂದೆ. ಅಲ್ಲಿಂದ ಮುಂದಿನದು ಕುಸ್ತಿ. ನಾನು ಅವನ ಬಲಗೈ ಹಿಡಿದು ಭುಜಕ್ಕೆ ಭುಜ ಕೊಟ್ಟು ತಿರುವಿದೆ, ಅವನ ಗಂಟಲಿನಿಂದ ಎಂಥದೋ ಸದ್ದು ಬಂತು, ಆದರೂ ನಾನು ಬಿಡಲಿಲ್ಲ. ಅವನು ಅದೇ ಕೈಯನ್ನು ಬಿಡಿಸಿಕೊಂಡು ನನ್ನ ಎಡ ಮೊಣಕಾಲಿನ ಹಿಂದೆ ಹಾಕಿ ಎಳೆದ. ಒಳಗೆ ಏನೋ ಹರಿದುಹೋಯಿತು. ನಾನು ಒಂದೇ ಕಾಲಿನ ಮೇಲೆ ನಿಂತೆ, ನಿಂತೇ ಇದ್ದೆ, ಅವನೂ ನೋವಿನಿಂದ ನಡುಗುತ್ತಿದ್ದ. ಇನ್ನು ಸ್ವಲ್ಪ ಹೊತ್ತು ನಿಂತಿದ್ದರೆ ಅವನ ಕೈ ಬಿಡುತ್ತಿತ್ತೋ ಏನೋ. ಅದಕ್ಕೆ ಮೊದಲು ನನ್ನ ಕಾಲು ಬಿಟ್ಟಿತು. ಬೆನ್ನು ಪೂರ್ತಿ ಮಣ್ಣಿಗೆ ಹತ್ತಿತು. ಕಣದ ನಡುವೆ ಮಲಗಿ ಆಕಾಶ ನೋಡಿದ್ದು ಅದೇ ಮೊದಲು. ನಿಜ ಹೇಳುತ್ತೇನೆ, ನನಗೆ ದುಃಖವಾಗಲಿಲ್ಲ. ಬಹಳ ದೂರ ನಡೆದು ಬಂದವನು ಕಟ್ಟೆಯ ಮೇಲೆ ಕೂತಾಗ ಆಗುವ ಹಾಗಾಯಿತು.

ಗೆದ್ದವನ ಬಲಗೈ ಎತ್ತುವುದು ರೂಢಿ. ಪಂಚರು ಬಂದು ಮಹಾದೇವನ ಬಲಗೈ ಹಿಡಿದು ಮೇಲೆ ಎಳೆದರು. ಅದು ಮೇಲೆ ಹೋಗಲಿಲ್ಲ. ಅವನ ಮುಖ ಬಿಳಿಚಿಕೊಂಡಿತು. ನಾನು ಹೇಗೋ ಎದ್ದು, ಒಂದೇ ಕಾಲಿನಲ್ಲಿ ಕುಂಟುತ್ತ ಹೋಗಿ, ಅವನ ಎಡಗೈ ಹಿಡಿದು ಎತ್ತಿದೆ. ಜನ ಹೋ ಎಂದು ನಕ್ಕರು. ಸೋತವನೇ ಗೆದ್ದವನ ಕೈ ಎತ್ತಿದ ಮೇಲೆ ಅವರಿಗೆ ಇನ್ನೇನು ಸಾಕ್ಷಿ ಬೇಕಿತ್ತು? ಮೊದಲೇ ಮಾತಾಡಿಕೊಂಡು ಬಂದಿದ್ದರು ಎಂದು ಉಗುಳಿ ಎದ್ದು ಹೋದರು. ಆ ಮಾತು ನಮಗಿಂತ ಮೊದಲು ಚಡಚಣವನ್ನೂ ಇಂಡಿಯನ್ನೂ ಮುಟ್ಟಿತು. ಮುಂದಿನ ಸುಗ್ಗಿಗೆ ನಮ್ಮಿಬ್ಬರಿಗೂ ಎಲ್ಲಿಂದಲೂ ಕರೆ ಬರಲಿಲ್ಲ, ಬಂದಿದ್ದರೂ ಹೋಗಲು ನನಗೆ ಕಾಲಿರಲಿಲ್ಲ.

ಊರಿಗೆ ಹೊರಟ ಬಸ್ಸಿನಲ್ಲಿ ಗುರಪ್ಪ ಮಾವ ಮುಂದಿನ ಸೀಟಿನಿಂದ ತಿರುಗಿ ತಿರುಗಿ ಬೈಯುತ್ತಿದ್ದ. ಇಷ್ಟು ವರ್ಷ ಕಟ್ಟಿದ್ದನ್ನು ಒಂದು ಕೈ ಕುಲುಕಿ ಕಳೆದೆ ಎಂದ. ಕಾಕಾ ನನ್ನ ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ತಿಕ್ಕುತ್ತಿದ್ದರು. ಮಾವನ ಮಾತು ಮುಗಿಯಲೆಂದು ಕಾದು, ಆಮೇಲೆ ಅಂದರು.

"ನಾವು ಆರಿಸಿ ಹಚ್ಚಿದ್ದನ್ನೆಲ್ಲಾ ಮಂದಿ ಖರೇ ಅಂದ್ರು, ಗುರಪ್ಪ. ಇವತ್ತಿಂದೊಂದು ಖರೇ ಇತ್ತು. ಅದನ್ನ ಸುಳ್ಳ ಅಂದ್ರು. ನೀ ಸುಮ್ಮನ ಕುಂದ್ರು."

ಮಾವ ಮುಂದೆ ತಿರುಗಿ ಕೂತ. ಬಸ್ಸು ಬಹಳ ದೂರ ಹೋಗುವವರೆಗೂ ಕಾಕಾ ಕಾಲು ತಿಕ್ಕುತ್ತಲೇ ಇದ್ದರು. ಕಿಟಕಿಯಾಚೆ ಜೋಳದ ಕೂಳೆಯ ಹೊಲಗಳು ಕಪ್ಪಾಗುತ್ತಿದ್ದವು. ಆಮೇಲೆ, ನನ್ನ ಮುಖ ನೋಡದೆ, ನನಗಷ್ಟೇ ಕೇಳುವಂತೆ ಹೇಳಿದರು.

"ನನಗೂ ಹಿಂಗ ಒಬ್ಬಾಂವ ಇದ್ದ, ಸಂಗಪ್ಪ. ಬಾಗೇವಾಡಿ ಕಡೆಯಾಂವ. ನಮ್ಮ ಹಿರ್ಯಾರು ಕೂಡಸಲೇ ಇಲ್ಲ. ಅಂವ ಸತ್ತೂ ಹೋದ. ನಿನಗ ಬೀಳಾಕಾದರೂ ಸಿಕ್ತು."

ಅವರ ಕೈ ನನ್ನ ಮೊಣಕಾಲಿನ ಮೇಲೆ ನಿಂತುಬಿಟ್ಟಿತ್ತು. ನಾನು ಅದನ್ನು ಸರಿಸಲಿಲ್ಲ.